ಹುಲಿಗೆಮ್ಮ ಗಾಡಿಯ ರಕ್ತ

ಲ್ಯಾಬಿನವನು ಜಡೆಪ್ಪನ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಹಚ್ಚಿ, ಅತ್ತಿತ್ತ ಆಡಿಸಿ ನೋಡಿ, ತಲೆ ಎತ್ತದೆಯೇ ಬಿ ಪಾಸಿಟಿವ್ ಅಂದ. ಇನ್ನೊಮ್ಮೆ ನೋಡ್ರಿ ಅಂದೆ. ನೋಡಿದ. ಅದೇ ಬಂತು.

ಅದೇ ನರ್ಸಿಂಗ್ ಹೋಮಿನ ಮೇಲಿನ ಮಹಡಿಯಲ್ಲಿ ನನ್ನ ಅಕ್ಕ ನೀಲಗಂಗಮ್ಮ ಮಲಗಿದ್ದಳು. ಗಾದಿಗನೂರು ಕ್ರಾಸಿನಲ್ಲಿ ಅವಳದೊಂದು ಖಾನಾವಳಿ. ಅವತ್ತು ಬೆಳಿಗ್ಗೆ ಅದಿರು ತುಂಬಿದ ಟಿಪ್ಪರೊಂದು ಮುಂದಿನ ಗಾಡಿಯನ್ನು ಹಿಂದೆ ಹಾಕಲು ಹೋಗಿ ಖಾನಾವಳಿಯ ತಗಡಿನ ಗೋಡೆಯನ್ನು ಉಜ್ಜಿಕೊಂಡು ಹೋಯಿತು. ತಗಡು ಹರಿದು ಒಲೆ ಮುಂದೆ ಕೂತಿದ್ದವಳ ತೊಡೆಗೆ ಇಳಿಯಿತು. ಗುದ್ದಿದ ಗಾಡಿ ನಿಲ್ಲಲಿಲ್ಲ. ನಿಂತರೆ ಲೋಡು ತಪ್ಪುತ್ತದಲ್ಲ. ರೊಟ್ಟಿ ತಿನ್ನುತ್ತಿದ್ದ ಡ್ರೈವರುಗಳೇ ಎಂಜಲು ಕೈಯಲ್ಲಿ ಅವಳನ್ನು ಎತ್ತಿ ಆಟೋದಲ್ಲಿ ಹಾಕಿಕೊಂಡು ಹೊಸಪೇಟೆಗೆ ತಂದರು. ದಾರಿಯುದ್ದಕ್ಕೂ ರಕ್ತ ಹೋಗಿತ್ತು. ಅವಳದು ಓ ನೆಗೆಟಿವ್. ಊರಿನಲ್ಲಿ ಆ ರಕ್ತ ಇರಲಿಲ್ಲ, ಬಳ್ಳಾರಿಗೆ ಫೋನು ಮಾಡಿದರೆ ಅಲ್ಲಿಯೂ ಇಲ್ಲ ಅಂದರು. ರಕ್ತ ಕೊಡದೆ ಆಪರೇಷನ್ ಮುಗಿಸಲಾಗುವುದಿಲ್ಲ, ಕೊಡದೆ ಬೇರೆ ಊರಿಗೆ ಸಾಗಿಸಲೂ ಆಗುವುದಿಲ್ಲ, ಸಂಜೆಯೊಳಗೆ ತನ್ನಿ ಅಂದರು ಡಾಕ್ಟರು. ಸಂಜೆ ದಾಟಿದರೆ ಏನು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ನನ್ನ ಫೋನಿನಲ್ಲಿ ಓ ನೆಗೆಟಿವ್‌ನವರು ಇಬ್ಬರಿದ್ದರು. ಒಬ್ಬ ಅದಿರು ಹೇರಿಕೊಂಡು ಕಾರವಾರದ ಘಾಟಿಯಲ್ಲಿದ್ದ. ಇನ್ನೊಬ್ಬನೇ ಈ ಜಡೆಪ್ಪ, 'ಶ್ರೀ ಹುಲಿಗೆಮ್ಮ' ಲಾರಿಯವನು. ಸಂಡೂರಿನಿಂದ ಗಾಡಿ ಅಲ್ಲೇ ಬಿಟ್ಟು ಯಾರದೋ ಬೈಕಿಗೆ ಕೈ ಮಾಡಿ ಓಡಿ ಬಂದಿದ್ದ. ಈಗ ಅಂಗಿಯ ತೋಳು ಇಳಿಸಿಕೊಳ್ಳುತ್ತಾ ನಿಂತಿದ್ದ.

ನಾನು ಅವನ ಮೇಲೆ ಹರಿಹಾಯ್ದೆ. ನಿನ್ನ ಹೆಸರಿನ ಮುಂದೆ ಓ ನೆಗೆಟಿವ್ ಅಂತ ಬರೆಸಿದವನು ಯಾರು ಅಂತ ಕೇಳಿದೆ.

"ನನ್ನ ರಕ್ತ ಯಾರೂ ನೋಡೇ ಇಲ್ಲೋ ತಮ್ಮಾ," ಅಂದ ಜಡೆಪ್ಪ. "ನಾ ಹುಲಿಗೆಮ್ಮ ಗಾಡಿ ಹತ್ತಿದೆ. ನಿಮ್ಮ ರಕ್ತದ ಗೇಮಿನಾಗ ನನ್ನ ಹೆಸರು ಬಂತು. ಗಾಡಿ ಹತ್ತಿದ್ರ ಹಂಗ ಬರತೈತಿ ಅನಕೊಂಡಿದ್ದೆ."

ಅವನು ಹೇಳಿದ್ದು ಸರಿಯಾಗಿಯೇ ಇತ್ತು.

ರಕ್ತದ ಗೇಮು ಅಂದರೆ ನಾನು ಮತ್ತು ಮುರುಗೇಶ ಮಾಡಿದ ಫೋನಿನ ಅಪ್ಲಿಕೇಶನ್. ನನ್ನದು ಬಸ್ ಸ್ಟ್ಯಾಂಡಿನ ಎದುರಿಗೆ ಮೊಬೈಲ್ ರಿಪೇರಿ ಅಂಗಡಿ. ಒಂಬತ್ತನೇ ಕ್ಲಾಸಿಗೆ ಶಾಲೆಗೆ ಕೈ ಮುಗಿದು ಬಂದವನು ನಾನು. ಮುರುಗೇಶ ಡಿಪ್ಲೊಮಾ ಓದಿ ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಾನೆ. ಹೊಸಪೇಟೆ ಸಂಡೂರು ನಡುವೆ ದಿನಾ ಒಂದಲ್ಲ ಒಂದು ಲಾರಿ ಬೀಳುತ್ತಿದ್ದ ಕಾಲ. ಅದಿರು ಮಾರಿ ಹೆಲಿಕಾಪ್ಟರಿನಲ್ಲಿ ಓಡಾಡುವವರು ಇದ್ದ ಊರಿನಲ್ಲಿ ಬಿದ್ದವನಿಗೆ ಕೊಡಲು ರಕ್ತ ಇರಲಿಲ್ಲ. ಮುರುಗೇಶ ಬರೆದ, ನಾನು ಬ್ಲೂಟೂತ್‌ನಲ್ಲಿ ಸಿಕ್ಕವರ ಫೋನಿಗೆಲ್ಲ ತುಂಬಿದೆ. ಫೋನಿಗೆ ಹಾಕಿಸುವುದೆಲ್ಲ ಡ್ರೈವರುಗಳ ಪಾಲಿಗೆ ಗೇಮೇ. ಹಾಗಾಗಿ ಇದು ರಕ್ತದ ಗೇಮು ಆಯಿತು.

ಮೊದಲನೆಯದರಲ್ಲಿ ಡ್ರೈವರಿನ ಹೆಸರೇ ಇರಲಿಲ್ಲ. ಅದು ನಮಗೆ ತಪ್ಪು ಅಂತ ಕಾಣಲೂ ಇಲ್ಲ. ಈ ರಸ್ತೆಯಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಗಾಡಿಯ ನೆತ್ತಿಯ ಮೇಲೆ ಏನು ಬರೆದಿದೆಯೋ ಅದೇ ಡ್ರೈವರಿನ ಹೆಸರು. "ಲೇ ಹುಲಿಗೆಮ್ಮ, ಉಳ್ಳಾಗಡ್ಡಿ ಬೇಕೇನಲೇ?" ಅಂತ ಅಕ್ಕ ಒಲೆ ಮುಂದಿನಿಂದ ಕೂಗಿದರೆ ಮೀಸೆ ಹೊತ್ತ ಗಂಡಸೊಬ್ಬ ಕೈ ಎತ್ತುತ್ತಿದ್ದ. ಫೋನು, ಸಿಮ್ಮು ಕೂಡ ಗಾಡಿಯವೇ. ಮಾಲೀಕ ಕೊಡಿಸಿದ್ದು, ಸ್ಟಿಯರಿಂಗಿನ ಪಕ್ಕ ಬಿದ್ದಿರುವುದು. ಅದಕ್ಕೇ ಗಾಡಿಯ ಹೆಸರು, ಗಾಡಿಯ ಫೋನ್ ನಂಬರು, ರಕ್ತದ ಗುಂಪು, ಊರು, ಇಷ್ಟೇ ಇಟ್ಟೆವು. ಮುರುಗೇಶನ ಗೆಳೆಯನೊಬ್ಬ ಖಾನಾವಳಿಗೆ ಬಂದು ಊಟಕ್ಕೆ ಕೂತವರ ಬೆರಳು ಚುಚ್ಚಿ ಗುಂಪು ಹೇಳಿದ. ಅಕ್ಕ ತನ್ನ ಫೋನಿನಲ್ಲಿ ಒತ್ತಿಕೊಂಡಳು. ಆ ಪಟ್ಟಿ ಫೋನಿನಿಂದ ಫೋನಿಗೆ ಹರಡಿತು.

ಆಮೇಲೆ ನಮಗೆ ಬುದ್ಧಿ ಬಂತು. ಡ್ರೈವರುಗಳು ಗಾಡಿ ಬದಲಿಸುತ್ತಾರೆ, ರಕ್ತ ಗಾಡಿಯದಲ್ಲ ಮನುಷ್ಯನದು ಅಂತ ಮುರುಗೇಶ ಹೊಸದು ಬರೆದ. ಹೊಸದನ್ನು ಹಾಕಿ ಮೊದಲ ಸಲ ತೆರೆದರೆ ಅದು ಹಳೆಯ ಪಟ್ಟಿಯಲ್ಲಿದ್ದ ಒಂದೊಂದೇ ಗಾಡಿಯನ್ನು ತೋರಿಸಿ ಡ್ರೈವರಿನ ಹೆಸರು ಕೇಳುತ್ತಿತ್ತು. ನನ್ನ ಅಂಗಡಿಯ ಬೆಂಚಿನ ಮೇಲೆ ಕೂತ ಕ್ಲೀನರುಗಳು ಆ ಹೊತ್ತಿಗೆ ಯಾರು ಯಾವ ಗಾಡಿಯಲ್ಲಿದ್ದರೋ ಅವರ ಹೆಸರು ಹೇಳಿದರು. ಒತ್ತಿದೆವು. ಹಳೇ ರಕ್ತಕ್ಕೆ ಹೊಸ ಹೆಸರು ಅಂಟಿತು. ನೋಡಲು ಎಷ್ಟು ಸರಿಯಾಗಿತ್ತೆಂದರೆ ಯಾರಿಗೂ ಅನುಮಾನ ಬರಲಿಲ್ಲ.

ನಿನಗಿಂತ ಮುಂಚೆ ಆ ಗಾಡಿಯಲ್ಲಿ ಯಾರಿದ್ದರು ಅಂತ ಜಡೆಪ್ಪನನ್ನು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಯುಗಾದಿ ಆದ ಮೇಲೆ ಹತ್ತಿದವನು. ಹತ್ತಿದಾಗ ಸೀಟಿಗೆ ಹೊಸ ಕವರ್ ಹಾಕಿದ್ದರು, ಅಷ್ಟು ನೆನಪಿದೆ ಅಂದ. ಸಂಡೂರಿನ ಮಾಲೀಕನಿಗೆ ಫೋನು ಹಚ್ಚಿದೆ. ಗಾಡಿ ತಗೊಂಡಾಗಿನಿಂದ ಜಡೆಪ್ಪನೇ ಡ್ರೈವರು, ಬೇರೆ ಯಾರೂ ಇದ್ದಿಲ್ಲ ಅಂದ. ಅಣ್ಣಾವರೇ, ನಮ್ಮಕ್ಕ ಸಾಯ್ತಾಳ ಅಂದೆ. ಫೋನು ಇಟ್ಟ. ಮತ್ತೆ ಹಚ್ಚಿದರೆ ಎತ್ತಲಿಲ್ಲ. ಪಕ್ಕದಲ್ಲಿದ್ದ ಜಡೆಪ್ಪನಿಗೂ ಎಲ್ಲ ಕೇಳಿಸಿತ್ತು. ಮಾಲೀಕ ಸುಳ್ಳು ಹೇಳುತ್ತಿದ್ದಾನೆ ಅಂತ ಇಬ್ಬರಿಗೂ ಗೊತ್ತಾಗಿತ್ತು. ಯಾಕೆ ಅಂತ ಗೊತ್ತಾಗಿರಲಿಲ್ಲ.

ಮುರುಗೇಶ ಬಂದಾಗ ನಾನು ಅವನ ಕಾಲರ್ ಹಿಡಿದೆ. ಹಳೆಯದರಲ್ಲಿ ಊರು ಇತ್ತಲ್ಲ, ಅದೆಲ್ಲಿ ಹೋಯಿತು ಅಂತ ಕೇಳಿದೆ.

"ತಗದೆನಲೇ. ಆ ಫೋನುಗಳಾಗ ಜಾಗ ಎಲ್ಲೈತಿ? ಹೆಸರು ಹಾಕಬೇಕಂದ್ರ ಒಂದು ತಗೀಬೇಕಿತ್ತು. ಊರು ಕಟಗೊಂಡು ಏನ್ಮಾಡೋದು ಅಂತ ನೀನ ಅಂದಿದ್ದಿ."

"ವಾಪಸ್ ತಾ."

"ಅಳಿಸಿದ್ದು ಎಲ್ಲಿಂದ ತರಲಿ? ಹೊಸದು ಹಾಕಿದ ಫೋನಿನಾಗ ಅದು ಇಲ್ಲ. ಹಳೇದು ಹಂಗ ಉಳಿದಿದ್ದು ಯಾವದಾರ ಫೋನು ಇದ್ರ ಹೇಳು."

ಎಲ್ಲಿ ಇರುತ್ತದೆ? ಒಂದೊಂದು ಗಾಡಿಯನ್ನೂ ನಿಲ್ಲಿಸಿ, ಬೈದು, ಕೈಯಿಂದ ಫೋನು ಕಸಿದುಕೊಂಡು ಹೊಸದನ್ನು ತುಂಬಿದವನೇ ನಾನು. ಒಬ್ಬರನ್ನೂ ಬಿಟ್ಟಿರಲಿಲ್ಲ.

ಒಬ್ಬರನ್ನು ಬಿಟ್ಟಿದ್ದೆ. ಅಕ್ಕನನ್ನು.

ಅವಳ ಹತ್ತಿರ ಹೋದಾಗ ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನನ್ನು ಕುಪ್ಪಸದೊಳಗೆ ಹಾಕಿಕೊಂಡಿದ್ದಳು. "ನಿಂದು ಹೊಸದು ಊರು ಕೇಳಂಗಿಲ್ಲಂತಲ್ಲ. ನನಗ ಬ್ಯಾಡ ಹೋಗು," ಅಂದಿದ್ದಳು. ನಿನ್ನಂಥವರಿಂದಲೇ ದೇಶ ಹಾಳಾಗಿದ್ದು ಅಂತ ಕೂಗಾಡಿ ಊಟ ಮಾಡದೆ ಬಂದಿದ್ದೆ.

ನರ್ಸು ಅವಳ ಸಾಮಾನನ್ನು ಪ್ಲಾಸ್ಟಿಕ್ ಚೀಲದಲ್ಲಿ ಕೊಟ್ಟಿದ್ದಳು. ಕತ್ತರಿಸಿ ತೆಗೆದ ಬಳೆ, ಎಲೆಯಡಿಕೆ ಚೀಲ, ಫೋನು. ಫೋನಿನ ಗಾಜು ಪುಡಿಯಾಗಿತ್ತು. ಒಳಗೆ ರಕ್ತ ಇಳಿದು ಒಣಗಿತ್ತು. ಗುಂಡಿ ಒತ್ತಿದರೆ ಕಂಪಿಸಿತು, ಪರದೆ ಮಾತ್ರ ಕಪ್ಪಗೇ ಉಳಿಯಿತು.

ಅಂಗಡಿಗೆ ಓಡಿದೆ. ಗಿರಾಕಿಯೊಬ್ಬ ರಿಪೇರಿಗೆ ಬಿಟ್ಟುಹೋಗಿದ್ದ ಅದೇ ಮಾಡೆಲ್ಲಿನ ಫೋನನ್ನು ಬಿಚ್ಚಿ ಅದರ ಡಿಸ್‌ಪ್ಲೇ ಕಿತ್ತೆ. ಅವನಿಗೆ ಆಮೇಲೆ ಏನಾದರೂ ಹೇಳೋಣ. ಸ್ಪಿರಿಟ್ಟಿನಲ್ಲಿ ಬ್ರಷ್ ಅದ್ದಿ ಬೋರ್ಡಿನ ಮೇಲಿನ ರಕ್ತ ತೊಳೆದೆ. ಬ್ರಷ್ಷಿನ ತುದಿ ಕೆಂಪಾಯಿತು. ಊರೆಲ್ಲಾ ರಕ್ತ ಹುಡುಕುತ್ತಿದ್ದೇನೆ, ಇಲ್ಲಿ ಅವಳದನ್ನು ಒರೆಸಿ ಚೆಲ್ಲುತ್ತಿದ್ದೇನೆ ಅನ್ನಿಸಿತು. ಸ್ಕ್ರೂ ಜಾರಿ ಬಿತ್ತು. ಮುರುಗೇಶ ಮೊಣಕಾಲೂರಿ ನೆಲದಲ್ಲಿ ಹುಡುಕಿದ. ಸಿಗಲಿಲ್ಲ. ಸ್ಕ್ರೂ ಇಲ್ಲದೆಯೇ ಬೆರಳಿನಿಂದ ಒತ್ತಿ ಹಿಡಿದು ಚಾಲೂ ಮಾಡಿದೆ.

ಬೆಳಕು ಬಂತು. ಹಳೆಯ ಗೇಮು ಹಳೆಯದಾಗಿಯೇ ಇತ್ತು. ಹುಲಿಗೆಮ್ಮ ಹುಡುಕಿದೆ. ಓ ನೆಗೆಟಿವ್. ಕೆಳಗೆ ಊರು ಅನ್ನುವ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದ್ದಳು: ಕಂಪ್ಲಿ ಕೋಟೆ ರಾಯಣ್ಣ.

ಹೆಸರು. ನಾವು ಜಾಗ ಕೊಡದ ಹೆಸರನ್ನು ಅವಳು ಊರಿನ ಜಾಗದಲ್ಲಿ ತುರುಕಿದ್ದಳು. ಒಂದೇ ಅಲ್ಲ. ಕೆಳಗೆ ಇಳಿಸುತ್ತಾ ಹೋದೆ. ಕುರೆಕುಪ್ಪ ಪಕ್ಕೀರಪ್ಪ ಉಪ್ಪು ಕಮ್ಮಿ. ಸಂಡೂರು ಮಲ್ಲೇಶ ಹೆಂಡ್ತಿ ಬಾಣಂತಿ. ಎಲ್ಲರದೂ ಇತ್ತು. ಊರು ಕಟ್ಟಿಕೊಂಡು ಏನು ಮಾಡುವುದು ಅಂತ ನಾವು ಕಿತ್ತು ಬಿಸಾಡಿದ್ದು ಇದನ್ನು.

ಮುರುಗೇಶ ಬೈಕಿನ ಹಿಂದೆ ಕೂತ.

ಕಂಪ್ಲಿ ರಸ್ತೆಯಲ್ಲಿ ಬೈಕನ್ನು ಹೇಗೆ ಓಡಿಸಿದೆನೋ. ಕೆಂಪು ಧೂಳು ಹಿಂದೆ ಬಿದ್ದು ಗದ್ದೆ, ಬಾಳೆ ಬಂದವು, ರೈಸ್ ಮಿಲ್ಲುಗಳ ಕುದಿಸಿದ ಭತ್ತದ ವಾಸನೆ ಬಂತು. ಈ ಹಸಿರಿನಲ್ಲಿ ಹುಟ್ಟಿದವನು ಆ ಧೂಳಿಗೆ ಯಾಕೆ ಬಂದನೋ ಅಂತ ಕೂಡ ಸಿಟ್ಟು ಬಂತು. ಅವತ್ತು ನನಗೆ ಸಿಟ್ಟು ಬರದ ವಸ್ತು ಇರಲಿಲ್ಲ. ರಾಯಣ್ಣ ಮನೆಯಲ್ಲಿರಲಿ, ಕುಡಿದು ಬಿದ್ದಿದ್ದರೂ ಸರಿ, ಹೊತ್ತುಕೊಂಡಾದರೂ ಹೋಗುತ್ತೇನೆ ಅಂದುಕೊಳ್ಳುತ್ತಿದ್ದೆ.

ಕೋಟೆಯ ಬಾಗಿಲ ಹತ್ತಿರ ಲಾರಿ ರಾಯಣ್ಣನ ಮನೆ ಕೇಳಿದೆವು. ಬೀಡಿ ಸೇದುತ್ತಿದ್ದವನು ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಜಂಬವ್ವನ ಮನೆ ಅದು ಅಂತ ಕೈ ತೋರಿಸಿದ. ರಾಯಣ್ಣ ಇದ್ದಾನೆ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ.

ಜಂಬವ್ವ ಕಟ್ಟೆಯ ಮೇಲೆ ಅಕ್ಕಿ ಕೇರುತ್ತಿದ್ದಳು. ಒಣಕಲು ಮೈಯ ಹೆಂಗಸು, ಕೈ ಮಾತ್ರ ಗಟ್ಟಿ. ಅವಳ ಹಿಂದೆ ಬಾಗಿಲಿನ ಮೇಲೆ ಹರೆಯದವನೊಬ್ಬನ ಫೋಟೋ ಇತ್ತು. ಫೋಟೋದ ಗಾಜಿಗೆ ಕುಂಕುಮ ಹಚ್ಚಿದ್ದರು. ನಾನು ಅದನ್ನು ನೋಡಿ ಕಟ್ಟೆಯ ತುದಿಯಲ್ಲಿ ಕೂತೆ. ರಾಯಣ್ಣನನ್ನು ಹುಡುಕಿಕೊಂಡು ಬಂದೆವು ಅಂತ ಮುರುಗೇಶ ಅಂದ.

ಅವಳೇ ಹೇಳಿದಳು. ಸಂಡೂರಿನ ಇಳಿಜಾರಿನಲ್ಲಿ ಗಾಡಿ ಬಿತ್ತು, ಮಗ ಸ್ಟಿಯರಿಂಗಿಗೆ ಸಿಕ್ಕಿಕೊಂಡ. ಪರಿಹಾರ ಕೊಡುವುದು ತಪ್ಪಲಿ ಅಂತ ಮಾಲೀಕ ಪೊಲೀಸರ ಹತ್ತಿರ ಅವನು ನನ್ನ ಡ್ರೈವರೇ ಅಲ್ಲ, ದಾರಿಯಲ್ಲಿ ಹತ್ತಿಸಿಕೊಂಡವನು ಅಂತ ಬರೆಸಿದ. ಸಾಕ್ಷಿ ಕೇಳಿದರೆ ಹುಲಿಗೆಮ್ಮ ಗೊತ್ತು, ರಾಯಣ್ಣ ಯಾರೋ ಗೊತ್ತಿಲ್ಲ ಅಂದರಂತೆ ಜನ. ಗಾಡಿ ರಿಪೇರಿಯಾಗಿ ಮತ್ತೆ ರಸ್ತೆಗೆ ಬಂತು. ಇದನ್ನೆಲ್ಲ ಅವಳು ಅಳದೆ, ಮೊರ ನಿಲ್ಲಿಸದೆ ಹೇಳಿದಳು.

ಆಗ ಗೊತ್ತಾಯಿತು. ರಾಯಣ್ಣ ಸತ್ತದ್ದು ನಮ್ಮ ಪಟ್ಟಿಗೆ ಯಾಕೆ ತಿಳಿಯಲಿಲ್ಲ ಅಂತ. ಹುಲಿಗೆಮ್ಮ ಮತ್ತೆ ಓಡಾಡುತ್ತಿತ್ತಲ್ಲ. ಫೋನು ಹಚ್ಚಿದರೆ ಎತ್ತುತ್ತಿತ್ತಲ್ಲ.

ಕೇಳಬೇಕಾದ್ದನ್ನು ಮುರುಗೇಶ ಕೇಳಿದ. ಹೆತ್ತವರ ರಕ್ತ ಮಕ್ಕಳದಕ್ಕೆ ಹೊಂದಬಹುದು, ಹೊಂದದೆಯೂ ಇರಬಹುದು, ನೋಡಿದರೆ ಮಾತ್ರ ತಿಳಿಯುತ್ತದೆ ಅಂತ ಕೈ ಹಿಸುಕಿಕೊಳ್ಳುತ್ತಾ ಹೇಳಿದ. ಜಂಬವ್ವ ಮೊರ ಕೆಳಗಿಟ್ಟಳು.

"ಅವ ಹೋದಾಗ ಯಾರೂ ಬರಲಿಲ್ಲ. ಈಗ ಅವನ ರಕ್ತ ಕೇಳಾಕ ಬಂದೀರಿ," ಅಂದಳು. "ಅವನ ಹೆಸರು ನಿಮಗ್ಯಾರು ಹೇಳಿದ್ರು?"

"ನಮ್ಮಕ್ಕ ಬರಕೊಂಡಾಳ ಯವ್ವಾ. ಫೋನಿನಾಗ."

"ತೋರಸು."

ಡಿಸ್‌ಪ್ಲೇ ಒತ್ತಿ ಹಿಡಿದು ತೋರಿಸಿದೆ. ಅವಳಿಗೆ ಓದಲು ಬರುತ್ತಿರಲಿಲ್ಲ. ಓದು ಅಂದಳು.

"ಹುಲಿಗೆಮ್ಮ. ಓ ನೆಗೆಟಿವ್. ಕಂಪ್ಲಿ ಕೋಟೆ ರಾಯಣ್ಣ."

"ಗಾಡಿ ಹೆಸರು, ಅದರ ಕೆಳಗ ನನ್ನ ಮಗನ ಹೆಸರು?"

"ಹೌದ್ರಿ."

"ಇನ್ನೊಮ್ಮೆ ಓದು."

ಓದಿದೆ. ಅವಳು ಎದ್ದು ಅಕ್ಕಿಯನ್ನು ಒಳಗಿಟ್ಟು, ಬಾಗಿಲಿಗೆ ಬೀಗ ಹಾಕಿ, ಬೈಕಿನ ಹತ್ತಿರ ಬಂದು ನಿಂತಳು. ಫೋನು ನನ್ನ ಕೈಯಲ್ಲಿರಲಿ ಅಂದಳು. ಎಲ್ಲಿ ಒತ್ತಿ ಹಿಡಿಯಬೇಕು ಅಂತ ತೋರಿಸಿಕೊಟ್ಟೆ. ಮುರುಗೇಶ ಮತ್ತು ನನ್ನ ನಡುವೆ ಕೂತು, ಹೊಸಪೇಟೆ ಬರುವವರೆಗೂ ಅವಳು ಅದನ್ನು ಒತ್ತಿಯೇ ಹಿಡಿದಿದ್ದಳು. ಅದರ ಮೂಲೆ ನನ್ನ ಬೆನ್ನಿಗೆ ಚುಚ್ಚುತ್ತಿತ್ತು.

ಲ್ಯಾಬಿನವನು ಅವಳ ಬೆರಳು ಚುಚ್ಚಿದ. ಗಾಜಿನ ಪಟ್ಟಿಯ ಮೇಲೆ ಮೂರು ಹನಿ. ಯಾವ ಹನಿಯೂ ಗಂಟು ಕಟ್ಟಬಾರದು ಅಂತ ಬೆಳಿಗ್ಗೆಯಿಂದ ನೋಡಿ ನೋಡಿ ನನಗೂ ಗೊತ್ತಾಗಿತ್ತು. ಅವನು ಪಟ್ಟಿಯನ್ನು ಆಡಿಸಿದ. ಹನಿಗಳು ಹಾಗೆಯೇ ಸರಾಗವಾಗಿ ಹರಿದಾಡಿದವು.

ಓ ನೆಗೆಟಿವ್, ಅಂದ. ಆದರೆ ತೆಗೆಯಲು ಆಗುವುದಿಲ್ಲ ಅಂತಲೂ ಅಂದ. ತೂಕ ಸಾಲದಂತೆ, ಮುಖ ನೋಡಿದರೇ ಗೊತ್ತಾಗುತ್ತದಂತೆ. ನಾನು ಮೇಜಿನ ಮೇಲೆ ಗುದ್ದಿದೆ, ಗಾಜು ಅಲುಗಾಡಿತು. ಜಂಬವ್ವ ನನ್ನನ್ನು ಪಕ್ಕಕ್ಕೆ ಸರಿಸಿದಳು.

"ಮುಖದಾಗ ತೂಕ ಇರ್ತದೇನ್ರಿ? ಭತ್ತದ ಮೂಟೆ ಎತ್ತೋ ಕೈ ಇದು. ತಕ್ಕಡಿ ತರ್ರಿ," ಅಂದಳು.

ತಕ್ಕಡಿ ತಂದರು. ಮುಳ್ಳು ಗೆರೆಯ ಹತ್ತಿರ ಹೋಗಿ, ಹಿಂದೆ ಸರಿದು, ಮತ್ತೆ ಹೋಗಿ, ಗೆರೆಯ ಮೇಲೆಯೇ ನಡುಗುತ್ತಾ ನಿಂತಿತು. ಅವನು ಕಣ್ಣು ಒರೆಸಿಕೊಂಡು ನೋಡಿದ. ರಕ್ತ ಸಾಕಷ್ಟು ಗಟ್ಟಿಯಿದೆಯೇ ಅಂತ ಅದರ ಬಣ್ಣವನ್ನೂ ಪರೀಕ್ಷೆ ಮಾಡಿದ. ಆಮೇಲೆ ಮಂಚ ತೋರಿಸಿದ.

ಚೀಲ ತುಂಬುತ್ತಿರುವಾಗ ಜಡೆಪ್ಪ ಬಾಗಿಲಲ್ಲಿ ಬಂದು ನಿಂತ. ಬೆಳಿಗ್ಗೆಯಿಂದ ಅಲ್ಲಿಯೇ ಇದ್ದ. ಗಾಡಿ ಬಿಟ್ಟು ಬಂದದ್ದಕ್ಕೆ ಮಾಲೀಕ ಫೋನಿನಲ್ಲಿ ಬೈಯುತ್ತಲೇ ಇದ್ದುದರಿಂದ ಜಡೆಪ್ಪ ಕೊನೆಗೆ ಗಾಡಿಯ ಫೋನನ್ನೇ ಬಂದ್ ಮಾಡಿದ್ದ. ಯಾರು ಇವನು ಅಂತ ಜಂಬವ್ವ ಕೇಳಿದಳು. ಸುಳ್ಳು ಹೇಳಬೇಕು ಅನ್ನಿಸಿತು, ಅಷ್ಟರಲ್ಲಿ ಅವನೇ ಹೇಳಿಬಿಟ್ಟ, ಹುಲಿಗೆಮ್ಮ ಗಾಡಿಯವನು ಅಂತ.

ಜಂಬವ್ವ ಮಲಗಿದ್ದಲ್ಲಿಂದಲೇ ಅವನ ಕಡೆ ಹೊರಳಿದಳು.

"ಸೀಟು ಬದ್ಲಿ ಮಾಡ್ಯಾರೇನು?"

"ಇಲ್ರಿ ಅವ್ವಾ," ಅಂದ ಜಡೆಪ್ಪ. "ಕವರ್ ಹಾಕ್ಯಾರ."

ಅವಳು ಮುಖ ಗೋಡೆಗೆ ತಿರುಗಿಸಿಕೊಂಡಳು. ಜಡೆಪ್ಪ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಮುರುಗೇಶ ಅವನ ಪಕ್ಕ ಕೂತ.

ಚೀಲವನ್ನು ಇನ್ನೂ ಏನೇನೋ ಪರೀಕ್ಷೆ ಮಾಡಿ ಮೇಲೆ ಕೊಂಡೊಯ್ದರು. ಹೊತ್ತು ಇಳಿಯುತ್ತಿತ್ತು. ಬಾಗಿಲ ಸಂದಿಯಿಂದ ಅಕ್ಕನ ಪಾದ ಮಾತ್ರ ಕಾಣುತ್ತಿತ್ತು. ಹಿಮ್ಮಡಿಯ ಬಿರುಕಿನಲ್ಲಿ ರಸ್ತೆಯ ಕೆಂಪು ಮಣ್ಣು ಹಾಗೆಯೇ ಇತ್ತು. ಆ ಪಾದ ಅಲುಗುತ್ತದೇನೋ ಅಂತ ನೋಡುತ್ತಾ ನಿಂತೆ. ಡಾಕ್ಟರು ಹೊರಗೆ ಬಂದು ರಕ್ತ ನಿಂತಿದೆ, ಹೊಲಿಗೆ ಹಾಕುತ್ತಿದ್ದೇವೆ, ಆದರೆ ಇದು ಸಾಲದು, ಇನ್ನೊಂದು ಚೀಲ ಬೇಕೇ ಬೇಕು ಅಂದರು. ಸಿಕ್ಕರೆ ಬದುಕುತ್ತಾಳೇನ್ರಿ ಅಂತ ಈ ಸಲ ಕೇಳಿದೆ. ಸಿಕ್ಕರೆ ಬದುಕಬಹುದು ಅಂದರು.

ನಾನು ಕೆಳಗೆ ಬರುವಷ್ಟರಲ್ಲಿ ಜಂಬವ್ವನಿಗೆ ಸುದ್ದಿ ಮುಟ್ಟಿತ್ತು. ಬೆಲ್ಲದ ಚಹಾ ಕುಡಿಯುತ್ತಾ, ಮುರುಗೇಶನ ಫೋನನ್ನು ಕಿವಿಗೆ ಒತ್ತಿಕೊಂಡು ಎಮ್ಮಿಗನೂರಿನ ತನ್ನ ತಮ್ಮನಿಗೆ ಬೈಯುತ್ತಿದ್ದಳು. ಉಚ್ಚೆಂಗಪ್ಪ ಅಂತ ಅವನ ಹೆಸರು. ಅವನು ಯಾರಿಗೆ, ಯಾಕೆ, ನಮಗೇನು ಸಂಬಂಧ ಅಂತ ಕೇಳುತ್ತಿದ್ದನೆಂದು ಇವಳ ಉತ್ತರದಿಂದಲೇ ತಿಳಿಯುತ್ತಿತ್ತು.

"ನಮ್ಮ ರಾಯಣ್ಣನ ಹೆಸರು ಬರದಿಟಗೊಂಡಾಕಿಗೆ," ಅಂದಳು. "ನಮ್ಮವ್ವನ ಹೊಟ್ಟ್ಯಾಗ ಹುಟ್ಟಿದ್ರ ನಿಂದೂ ಇದ ರಕ್ತ ಇರಬಹುದು. ಇಲ್ಲಂದ್ರ ನಿನ್ನ ಮಗನ್ನೂ ಕರಕೊಂಡು ಬಾ. ಎಲ್ಲಾರೂ ಬರ್ರಿ. ಈಗ."

ಬರುತ್ತಾರಂತೆ. ಟ್ರ್ಯಾಕ್ಸ್ ಜೀಪು ಹಿಡಿದಿದ್ದಾರಂತೆ. ಯಾರ ರಕ್ತ ಹೊಂದುತ್ತದೋ, ಯಾರದೂ ಹೊಂದುವುದಿಲ್ಲವೋ ಗೊತ್ತಿರಲಿಲ್ಲ.

ಕಾಯುತ್ತಾ ಕೂತು ಅಕ್ಕನ ಫೋನನ್ನು ಕೈಗೆ ತೆಗೆದುಕೊಂಡೆ. ಜಂಬವ್ವನನ್ನು ಪಟ್ಟಿಗೆ ಸೇರಿಸಬೇಕು ಅನ್ನಿಸಿತು. ಬೇರೆ ಏನು ಮಾಡುವುದೂ ನನ್ನ ಕೈಯಲ್ಲಿರಲಿಲ್ಲ. ಹೊಸದು ಅಂತ ಒತ್ತಿದೆ. ರಕ್ತದ ಗುಂಪು ಆರಿಸಿದೆ. ಊರಿನ ಜಾಗದಲ್ಲಿ ಅಕ್ಕ ಮಾಡಿದ ಹಾಗೆಯೇ ಕಂಪ್ಲಿ ಕೋಟೆ ಜಂಬವ್ವ ಅಂತ ಒತ್ತಿದೆ. ಉಳಿಸಲು ಹೋದರೆ ಅದು ಒಪ್ಪಲಿಲ್ಲ. ಗಾಡಿಯ ಹೆಸರು ಕೇಳಿತು. ಗಾಡಿ ಇಲ್ಲದವರಿಗೆ ಅದರಲ್ಲಿ ಜಾಗವಿರಲಿಲ್ಲ. ನಾವೇ ಹಾಗೆ ಮಾಡಿದ್ದೆವು.

ಹುಲಿಗೆಮ್ಮ ಅಂತ ಒತ್ತಲು ಹೋಗಿ ನಿಂತೆ. ಆಮೇಲೆ ಗಾಡಿಯ ಜಾಗದಲ್ಲಿ ರಾಯಣ್ಣ ಅಂತ ಬರೆದು ಉಳಿಸಿದೆ.

ಹೊರಗೆ ಟ್ರ್ಯಾಕ್ಸ್ ಬಂದು ನಿಂತ ಸದ್ದಾಯಿತು. ಜಂಬವ್ವ ಚಹಾದ ಲೋಟ ಕೆಳಗಿಟ್ಟು, ಹತ್ತಿ ಒತ್ತಿಕೊಂಡ ಕೈಯಲ್ಲೇ ಬಾಗಿಲ ಕಡೆ ನಡೆದಳು.